ಹಳೆಯ ತೂಕದ ಯಂತ್ರ, ಹೊಸ ಗಣಕಯಂತ್ರ: ವರ್ಚುವಲ್ ಮಷೀನಿನಲ್ಲಿ ಯು.ಎಸ್.ಬಿ. ಸೀರಿಯಲ್ ಅಡಾಪ್ಟರಿನ ಅನುಕರಣೆ

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿರುವುದರಿಂದ, ಹಳೆಯ ಗಣಕಯಂತ್ರಗಳನ್ನು ಬದಲಾಯಿಸುವ ಪ್ರಸ್ತಾವಗಳು ಗ್ರಾಮ ಪಂಚಾಯತಿ ಸಭೆಗಳ ಮುಂದೆ ಬರುವುದು ಸಹಜ. ಪಂಚತಂತ್ರ, ಇ-ಸ್ವತ್ತು ಮೊದಲಾದವು ಬ್ರೌಸರಿನ ಮೂಲಕ ತೆರೆದುಕೊಳ್ಳುವ ತಂತ್ರಾಂಶಗಳಾದ ಕಾರಣ, ಗಣಕಯಂತ್ರ ಬದಲಾದರೂ ಅವುಗಳ ಕೆಲಸ ನಿಲ್ಲುವುದಿಲ್ಲ. ತೊಡಕು ಎದುರಾಗುವುದು ಗಣಕಯಂತ್ರವು ಕೇಬಲ್ ಮೂಲಕ ಮತ್ತೊಂದು ಯಂತ್ರದೊಡನೆ ಮಾತನಾಡುವ ಕಡೆಗಳಲ್ಲಿ. ತ್ಯಾಜ್ಯ ಘಟಕದ ಎಲೆಕ್ಟ್ರಾನಿಕ್ ತೂಕದ ಯಂತ್ರ, ವಾಹನ ತೂಗುವ ವೇ ಬ್ರಿಡ್ಜ್, ಪಂಪ್‌ಹೌಸಿನ ನಿಯಂತ್ರಣ ಪೆಟ್ಟಿಗೆ ಇವು ಅಂತಹ ಯಂತ್ರಗಳು. ಪಂಚಾಯತಿಯ ಆಸ್ತಿಯಲ್ಲದಿದ್ದರೂ, ಹಾಲು ಉತ್ಪಾದಕರ ಸಂಘಗಳಲ್ಲಿರುವ ಹಾಲು ಪರೀಕ್ಷಾ ಯಂತ್ರಗಳಲ್ಲಿ ಹಲವು ಇದೇ ಗುಂಪಿಗೆ ಸೇರುತ್ತವೆ.

ಇಂತಹ ಸಂದರ್ಭದಲ್ಲಿ ಸರಬರಾಜುದಾರರು ಸಾಮಾನ್ಯವಾಗಿ ನೀಡುವ ಉತ್ತರ ಒಂದೇ: ಹೊಸ ಗಣಕಯಂತ್ರಕ್ಕೆ ಹಳೆಯ ತೂಕದ ಯಂತ್ರ ಹೊಂದುವುದಿಲ್ಲ, ಎರಡನ್ನೂ ಬದಲಿಸಬೇಕು. ಸುಸ್ಥಿತಿಯಲ್ಲಿರುವ ತೂಕದ ಯಂತ್ರವನ್ನು, ಕೇವಲ ಗಣಕಯಂತ್ರಕ್ಕೆ ಅದು ಕಾಣಿಸುತ್ತಿಲ್ಲವೆಂಬ ಕಾರಣಕ್ಕೆ ಗುಜರಿಗೆ ಹಾಕುವ ಮುನ್ನ ಸದಸ್ಯರು ತಿಳಿದಿರಬೇಕಾದ ಒಂದು ಮಾರ್ಗವಿದೆ. ಹಳೆಯ ತಂತ್ರಾಂಶವನ್ನು ಹೊಸ ಗಣಕಯಂತ್ರದೊಳಗೆ ಒಂದು ವರ್ಚುವಲ್ ಮಷೀನಿನಲ್ಲಿ ನಡೆಸಿ, ಅದಕ್ಕೆ ಬೇಕಾದ ಸೀರಿಯಲ್ ಪೋರ್ಟನ್ನು ತಂತ್ರಾಂಶದಿಂದಲೇ ಅನುಕರಿಸಿ ಕೊಡುವುದು ಆ ಮಾರ್ಗ. ಇದರಿಂದ ಹಣ ಉಳಿಯಬಹುದು. ಆದರೆ ಇದೇ ಮಾರ್ಗದಲ್ಲಿ ಲೆಕ್ಕಪತ್ರದ ವಿಶ್ವಾಸಾರ್ಹತೆಗೆ ಸಂಬಂಧಿಸಿದ ಅಪಾಯವೂ ಇರುವುದರಿಂದ, ಎರಡನ್ನೂ ಒಟ್ಟಿಗೆ ವಿವರಿಸಲಾಗಿದೆ.

ಸೀರಿಯಲ್ ಪೋರ್ಟ್ ಎಂದರೇನು

ಹಳೆಯ ಗಣಕಯಂತ್ರಗಳ ಹಿಂಬದಿಯಲ್ಲಿ ಒಂಬತ್ತು ಕಡ್ಡಿಗಳಿರುವ, ಎರಡು ಬದಿಗೆ ತಿರುಪುಗಳಿರುವ ಒಂದು ಜೋಡಣೆ ಇರುತ್ತಿತ್ತು. ಅದೇ ಸೀರಿಯಲ್ ಪೋರ್ಟ್. ಅದು ಅನುಸರಿಸುವ ಆರ್.ಎಸ್.-232 ಎಂಬ ಮಾನಕವು 1960ರಷ್ಟು ಹಳೆಯದು. ಅದರ ಸರಳತೆಯೇ ಅದರ ದೀರ್ಘಾಯುಷ್ಯಕ್ಕೆ ಕಾರಣ. ಹೋಗಲು ಒಂದು ತಂತಿ, ಬರಲು ಒಂದು ತಂತಿ, ನೆಲಸಂಪರ್ಕಕ್ಕೆ ಒಂದು ತಂತಿ. ಇಷ್ಟಿದ್ದರೆ ಎರಡು ಯಂತ್ರಗಳು ಒಂದಾದ ಮೇಲೊಂದು ಅಕ್ಷರವನ್ನು ಸಾಲಾಗಿ ಕಳುಹಿಸಬಲ್ಲವು. ತೂಕದ ಯಂತ್ರವು ತನ್ನ ಫಲಕದಲ್ಲಿ 42.350 ಎಂದು ತೋರಿಸಿದಾಗ, ಅದೇ ಅಂಕಿಗಳನ್ನು ಈ ತಂತಿಯಲ್ಲಿ ಗಣಕಯಂತ್ರದ ಕಡೆಗೂ ಹರಿಯಬಿಡುತ್ತದೆ.

ಹೊಸ ಗಣಕಯಂತ್ರಗಳಲ್ಲಿ, ವಿಶೇಷವಾಗಿ ಲ್ಯಾಪ್‌ಟಾಪುಗಳಲ್ಲಿ, ಈ ಪೋರ್ಟ್ ಬಹುತೇಕ ಮರೆಯಾಗಿದೆ. ಅದರ ಸ್ಥಾನವನ್ನು 1996ರಲ್ಲಿ ಮೊದಲ ಆವೃತ್ತಿ ಹೊರಬಂದ ಯು.ಎಸ್.ಬಿ. ಆಕ್ರಮಿಸಿದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯ ಡಾಂಗಲ್ ಚುಚ್ಚುವ ಕಿಂಡಿಯೇ ಇದು. ಈ ಎರಡು ಪದ್ಧತಿಗಳು ಬೇರೆ ಬೇರೆ ಭಾಷೆಯವು. ಅವುಗಳ ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ಸಣ್ಣ ಕೇಬಲ್ಲೇ ಯು.ಎಸ್.ಬಿ. ಸೀರಿಯಲ್ ಅಡಾಪ್ಟರ್. ಅದರ ಒಡಲಲ್ಲಿ ಒಂದು ಚಿಪ್ ಇರುತ್ತದೆ. ಸ್ಕಾಟ್ಲೆಂಡಿನ ಎಫ್‌ಟಿಡಿಐ, ತೈವಾನಿನ ಪ್ರೊಲಿಫಿಕ್, ಚೀನಾದ ಡಬ್ಲ್ಯುಸಿಎಚ್ ಸಂಸ್ಥೆಗಳ ಚಿಪ್ಪುಗಳು ಹೆಚ್ಚು ಬಳಕೆಯಲ್ಲಿವೆ.

ಅಡಾಪ್ಟರ್ ಒಂದನ್ನು ಕೊಂಡು ಚುಚ್ಚಿದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಲವು ಕಡೆ ಅಷ್ಟೇ ಸಾಕಾಗುತ್ತದೆ, ಮತ್ತು ಮೊದಲು ಅದನ್ನೇ ಪ್ರಯತ್ನಿಸಬೇಕು. ಸಾಲದೇ ಹೋಗುವುದು ತೂಕದ ಲೆಕ್ಕ ಬರೆದಿಡುವ ತಂತ್ರಾಂಶವು ಹೊಸ ವಿಂಡೋಸಿನಲ್ಲಿ ತೆರೆಯದೇ ಇದ್ದಾಗ. ವಿಂಡೋಸ್ ಎಕ್ಸ್‌ಪಿಗೆಂದು ಬರೆದ, ಬರೆದವರು ಈಗ ಸಂಪರ್ಕಕ್ಕೆ ಸಿಗದ ತಂತ್ರಾಂಶಗಳ ಗತಿ ಇದು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿದೆ. ಆದರೂ ವರ್ಷಗಟ್ಟಲೆಯ ತೂಕದ ದಾಖಲೆಗಳು ಅದರೊಳಗೇ ಇರುತ್ತವೆ. ಬದಲಿ ತಂತ್ರಾಂಶವು ಅವನ್ನು ಓದಲಾರದು.

ಯಂತ್ರದೊಳಗಿನ ಯಂತ್ರ

ವರ್ಚುವಲ್ ಮಷೀನ್ ಎಂಬುದು ನಿಜವಾದ ಗಣಕಯಂತ್ರದೊಳಗೆ ತಂತ್ರಾಂಶದಿಂದಲೇ ಕಟ್ಟಿದ ಮತ್ತೊಂದು ಗಣಕಯಂತ್ರ. ಹೊರಗಿನದನ್ನು ಆತಿಥೇಯ, ಒಳಗಿನದನ್ನು ಅತಿಥಿ ಎಂದು ಕರೆಯಬಹುದು. ಅತಿಥಿಗೆ ತನ್ನದೇ ಆದ ಮೆಮೊರಿ, ಡಿಸ್ಕ್, ಪರದೆ ಇವೆಯೆಂಬ ಭಾವನೆ. ವಾಸ್ತವದಲ್ಲಿ ಅದರ ಡಿಸ್ಕ್ ಎಂಬುದು ಆತಿಥೇಯ ಯಂತ್ರದಲ್ಲಿರುವ ಒಂದು ದೊಡ್ಡ ಕಡತ ಮಾತ್ರ. ಒರಾಕಲ್ ಸಂಸ್ಥೆಯ ವರ್ಚುವಲ್‌ಬಾಕ್ಸ್, ಮೈಕ್ರೋಸಾಫ್ಟಿನ ಹೈಪರ್-ವಿ, ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಆರಂಭಿಸಿದ ಕ್ಯೂಎಮು ಎಂಬ ಸ್ವತಂತ್ರ ತಂತ್ರಾಂಶ ಇವು ಇಂತಹ ವ್ಯವಸ್ಥೆ ಕಲ್ಪಿಸುವ ಪ್ರಮುಖ ಸಾಧನಗಳು.

ಅತಿಥಿಗೆ ತೂಕದ ಯಂತ್ರವನ್ನು ಕಾಣಿಸಲು ಮೂರು ದಾರಿಗಳಿವೆ. ಸರಬರಾಜುದಾರರು ಯಾವ ದಾರಿಯನ್ನು ಸೂಚಿಸುತ್ತಿದ್ದಾರೆಂಬುದನ್ನು ಸಭೆ ಕೇಳಿ ತಿಳಿಯುವುದು ಒಳ್ಳೆಯದು.

ಮೊದಲನೆಯದರಲ್ಲಿ, ಚುಚ್ಚಿದ ಅಡಾಪ್ಟರನ್ನು ಆತಿಥೇಯ ಯಂತ್ರವು ತಾನು ಮುಟ್ಟದೆ ಇಡಿಯಾಗಿ ಅತಿಥಿಗೆ ಹಸ್ತಾಂತರಿಸುತ್ತದೆ. ಇಲ್ಲಿ ಅನುಕರಣೆಯಿಲ್ಲ. ಆದರೆ ಅತಿಥಿಯಾದ ಹಳೆಯ ವಿಂಡೋಸಿಗೆ ಆ ಚಿಪ್ಪಿನ ಡ್ರೈವರ್ ತಂತ್ರಾಂಶ ಇರಲೇಬೇಕು, ಮತ್ತು ಹೊಸ ಚಿಪ್ಪುಗಳಿಗೆ ಎಕ್ಸ್‌ಪಿಯ ಡ್ರೈವರ್ ಸಿಗದಿರುವುದೇ ಹೆಚ್ಚು. ಹೈಪರ್-ವಿಯಲ್ಲಿ ಈ ನೇರ ಹಸ್ತಾಂತರದ ಸೌಲಭ್ಯವೇ ಇಲ್ಲವೆಂಬುದನ್ನೂ ಗಮನಿಸಬೇಕು.

ಎರಡನೆಯದರಲ್ಲಿ, ಅಡಾಪ್ಟರನ್ನು ಆತಿಥೇಯ ಯಂತ್ರವೇ ತನ್ನ ಹೊಸ ಡ್ರೈವರಿನಿಂದ ನಿರ್ವಹಿಸುತ್ತದೆ. ಅತಿಥಿಗೆ ಮಾತ್ರ ಹಳೆಯ ಕಾಲದ, ಮದರ್‌ಬೋರ್ಡಿನಲ್ಲೇ ಇರುತ್ತಿದ್ದ ಸೀರಿಯಲ್ ಪೋರ್ಟ್ ಕಾಣಿಸುತ್ತದೆ. ವರ್ಚುವಲ್‌ಬಾಕ್ಸ್ ಹೀಗೆ ನಾಲ್ಕು ಪೋರ್ಟುಗಳವರೆಗೆ ಅನುಕರಿಸಬಲ್ಲದು. ಅತಿಥಿಯಲ್ಲಿ ಯಾವ ಡ್ರೈವರನ್ನೂ ಹೊಸದಾಗಿ ಹಾಕಬೇಕಿಲ್ಲ. ಮತ್ತೊಂದು ಅನುಕೂಲವೂ ಇದೆ: ಹಳೆಯ ತಂತ್ರಾಂಶಗಳು ಕಾಮ್ 1ರಿಂದ ಕಾಮ್ 4ರವರೆಗಿನ ಪೋರ್ಟುಗಳನ್ನು ಮಾತ್ರ ಗುರುತಿಸುವುದುಂಟು, ಹೊಸ ವಿಂಡೋಸ್ ಅಡಾಪ್ಟರಿಗೆ ಕಾಮ್ 7 ಎಂದೋ ಕಾಮ್ 11 ಎಂದೋ ಸಂಖ್ಯೆ ಕೊಟ್ಟಿದ್ದರೂ ಅತಿಥಿಗೆ ಅದನ್ನು ಕಾಮ್ 1 ಎಂದೇ ತೋರಿಸಬಹುದು. ಒಂದೇ ತೂಕದ ಯಂತ್ರವಿರುವ ಘಟಕಕ್ಕೆ ಈ ದಾರಿಯೇ ಸಾಮಾನ್ಯವಾಗಿ ಸಾಕು, ಮತ್ತು ಇದೇ ಹೆಚ್ಚು ತಂಟೆಯಿಲ್ಲದ್ದು.

ಮೂರನೆಯದು ಯು.ಎಸ್.ಬಿ. ಅಡಾಪ್ಟರನ್ನೇ ಅನುಕರಿಸುವುದು. ತಂತ್ರಾಂಶವು ನಿರ್ದಿಷ್ಟ ಅಡಾಪ್ಟರನ್ನೇ ಹುಡುಕುವಂತಿದ್ದರೆ, ನಾಲ್ಕಕ್ಕಿಂತ ಹೆಚ್ಚು ಪೋರ್ಟುಗಳು ಬೇಕಿದ್ದರೆ ಇದು ನೆರವಿಗೆ ಬರುತ್ತದೆ. ಕ್ಯೂಎಮು ಅನುಕರಿಸುವುದು ಎಫ್‌ಟಿಡಿಐ ಸಂಸ್ಥೆಯ ಎಫ್‌ಟಿ232ಬಿಎಂ ಎಂಬ ಚಿಪ್ಪನ್ನು. ಅತಿಥಿಯಾದ ವಿಂಡೋಸ್ ಹೊಸ ಸಾಧನವೊಂದು ಚುಚ್ಚಲ್ಪಟ್ಟಿದೆಯೆಂದು ಭಾವಿಸಿ ಅದರ ಗುರುತು ಕೇಳುತ್ತದೆ. ಅನುಕರಿಸುವ ತಂತ್ರಾಂಶವು ಎಫ್‌ಟಿಡಿಐಯ ತಯಾರಕ ಸಂಖ್ಯೆ 0403, ಉತ್ಪನ್ನ ಸಂಖ್ಯೆ 6001 ಎಂದು ಉತ್ತರಿಸುತ್ತದೆ. ಡ್ರೈವರ್ ವೇಗ ನಿಗದಿಪಡಿಸಲು ಹೇಳಿದರೆ ಒಪ್ಪಿಕೊಳ್ಳುತ್ತದೆ. ತಂತಿಗಳ ಸ್ಥಿತಿ ಕೇಳಿದರೆ ವರದಿ ಮಾಡುತ್ತದೆ. ಹಗಲುವೇಷದವರಂತೆ, ಕೇಳಿದ ಪ್ರತಿ ಮಾತಿಗೂ ಪಾತ್ರಕ್ಕೆ ತಕ್ಕ ಉತ್ತರ ಬಂದರೆ ವೇಷ ನಿಲ್ಲುತ್ತದೆ, ಒಂದು ಉತ್ತರ ತಪ್ಪಿದರೆ ವೇಷ ಬಯಲಾಗಿ ಡ್ರೈವರ್ ಕೆಲಸ ನಿಲ್ಲಿಸುತ್ತದೆ. ಅನುಕರಣೆಯ ಕಷ್ಟವೆಲ್ಲ ಈ ಉತ್ತರಗಳ ನಿಖರತೆಯಲ್ಲಿದೆ.

ಈ ಅನುಕರಿಸಿದ ಅಡಾಪ್ಟರಿನ ಹಿಂಬದಿಗೆ ಏನನ್ನು ಬೇಕಾದರೂ ಜೋಡಿಸಬಹುದು. ಆತಿಥೇಯ ಯಂತ್ರದ ನಿಜವಾದ ಪೋರ್ಟ್ ಇರಬಹುದು. ಜಾಲದ ಮೂಲಕ ದೂರದ ಪಂಪ್‌ಹೌಸ್ ಇರಬಹುದು. ಅಥವಾ ಬರೀ ಒಂದು ಕಡತ ಇರಬಹುದು. ಈ ಕೊನೆಯ ಮಾತನ್ನು ಸದಸ್ಯರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಕೆಲಸ ಕೆಡುವುದು ಎಲ್ಲಿ

ಎಲ್ಲವೂ ಸರಿಯಾಗಿ ಜೋಡಿಸಿದ ಮೇಲೂ ಕೆಲವೊಮ್ಮೆ ಪರದೆಯ ಮೇಲೆ ಅರ್ಧ ಅಂಕಿ ಬರುತ್ತದೆ, ಇಲ್ಲವೇ ಯಂತ್ರ ಉತ್ತರಿಸುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಇದಕ್ಕೆ ಮುಖ್ಯ ಕಾರಣ ಕಾಲದ ಅಂತರ. ಸೆಕೆಂಡಿಗೆ 9600 ಬಿಟ್ ವೇಗದ ತಂತಿಯಲ್ಲಿ ಒಂದು ಅಕ್ಷರಕ್ಕೆ ಆದಿ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್. ಹಳೆಯ ಪೋರ್ಟಿನಲ್ಲಿ ಅಕ್ಷರಗಳು ಬಂದ ಹಾಗೆ ತಂತ್ರಾಂಶಕ್ಕೆ ತಲುಪುತ್ತಿದ್ದವು. ಯು.ಎಸ್.ಬಿ.ಯಲ್ಲಿ ಹಾಗಲ್ಲ. ಎಫ್‌ಟಿಡಿಐ ಚಿಪ್ ಬಂದ ಅಕ್ಷರಗಳನ್ನು ಕೂಡಿಟ್ಟುಕೊಂಡು, 62 ಅಕ್ಷರ ತುಂಬಿದಾಗ ಅಥವಾ 16 ಮಿಲಿಸೆಕೆಂಡ್ ಕಳೆದಾಗ ಒಂದು ಕಂತಾಗಿ ಕಳುಹಿಸುತ್ತದೆ. ಹಳ್ಳಿಗೆ ಗಂಟೆಗೊಮ್ಮೆ ಬರುವ ಬಸ್ಸಿನಂತೆ, ಪ್ರಯಾಣಿಕ ಸಿದ್ಧವಿದ್ದರೂ ಬಸ್ಸು ಹೊರಡುವವರೆಗೆ ಕಾಯಲೇಬೇಕು.

ತೂಕದ ಯಂತ್ರಕ್ಕೆ ಈ ವಿಳಂಬ ಲೆಕ್ಕಕ್ಕಿಲ್ಲ. ಪಂಪ್‌ಹೌಸಿನ ನಿಯಂತ್ರಣ ಪೆಟ್ಟಿಗೆಗಳ ಮಾತು ಬೇರೆ. ಅವುಗಳಲ್ಲಿ ಹಲವು ಮಾಡ್‌ಬಸ್ ಎಂಬ ಸಂವಾದ ಪದ್ಧತಿ ಬಳಸುತ್ತವೆ. ಅದರಲ್ಲಿ ಒಂದು ಸಂದೇಶ ಮುಗಿಯಿತೆಂಬುದಕ್ಕೆ ಮೂರೂವರೆ ಅಕ್ಷರದಷ್ಟು ಕಾಲದ ಮೌನವೇ ಗುರುತು. 9600ರ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. 16 ಮಿಲಿಸೆಕೆಂಡಿನ ಕಂತಿನ ನಡುವೆ 4 ಮಿಲಿಸೆಕೆಂಡಿನ ಮೌನವನ್ನು ಗುರುತಿಸುವುದು ಹೇಗೆ? ಸಂದೇಶಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಥವಾ ತುಂಡಾಗುತ್ತವೆ. ಡ್ರೈವರಿನ ಹೊಂದಾಣಿಕೆಯಲ್ಲಿ ಈ 16ನ್ನು 1ಕ್ಕೆ ಇಳಿಸಬಹುದು, ಎಷ್ಟೋ ದೂರುಗಳು ಅಷ್ಟರಿಂದಲೇ ಪರಿಹಾರವಾಗುತ್ತವೆ. ವರ್ಚುವಲ್ ಮಷೀನ್ ತನ್ನದೇ ಆದ ಇನ್ನಷ್ಟು ವಿಳಂಬ ಸೇರಿಸುವುದರಿಂದ, ನೀರೆತ್ತುವ ಪಂಪನ್ನು ಚಾಲೂ ಮಾಡಿ ನಿಲ್ಲಿಸುವಂತಹ ನಿಯಂತ್ರಣವನ್ನು ಈ ಮಾರ್ಗಕ್ಕೆ ಒಪ್ಪಿಸುವುದು ಸೂಕ್ತವಲ್ಲ. ವಾಚನಗಳನ್ನು ದಾಖಲಿಸುವುದಕ್ಕೆ ಮಾತ್ರ ಇದನ್ನು ಬಳಸಿ, ಪಂಪಿನ ನಿಯಂತ್ರಣ ಪೆಟ್ಟಿಗೆಯಲ್ಲಿ ಮತ್ತು ನೀರುಗಂಟಿಯ ಕೈಯಲ್ಲಿ ಇರುವುದು ಕ್ಷೇಮ.

ಅಡಾಪ್ಟರಿನ ಆಯ್ಕೆಯಲ್ಲೂ ಎಚ್ಚರ ಬೇಕು. ಮಾರುಕಟ್ಟೆಯಲ್ಲಿ ನಕಲಿ ಚಿಪ್ಪುಗಳು ಹೇರಳ. 2014ರಲ್ಲಿ ಎಫ್‌ಟಿಡಿಐ ಸಂಸ್ಥೆ ಹೊರಡಿಸಿದ ಡ್ರೈವರ್, ನಕಲಿ ಚಿಪ್ಪುಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆಗೆ ಬದಲಿಸಿ ಅವು ಗುರುತೇ ಸಿಗದಂತೆ ಮಾಡಿತು. ವಿಂಡೋಸ್ ಅಪ್‌ಡೇಟ್ ಮೂಲಕ ಹಂಚಿಕೆಯಾದ ಆ ಡ್ರೈವರನ್ನು ಟೀಕೆಗಳ ಬಳಿಕ ಹಿಂತೆಗೆಯಲಾಯಿತಾದರೂ, ನಿನ್ನೆಯವರೆಗೆ ನಡೆದ ಅಡಾಪ್ಟರ್ ಇಂದು ನಿಂತುಹೋಗಬಹುದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಪ್ರೊಲಿಫಿಕ್ ಸಂಸ್ಥೆಯ ಹೊಸ ಡ್ರೈವರುಗಳು ಕೂಡ ಆ ಸಂಸ್ಥೆಯದೇ ಹಳೆಯ ಚಿಪ್ಪುಗಳನ್ನು ನಿರಾಕರಿಸುತ್ತವೆ. ಅತಿ ಅಗ್ಗದ ದರಪಟ್ಟಿಯೇ ಇಲ್ಲಿ ಕೊನೆಗೆ ದುಬಾರಿಯಾಗುವ ಸಂಭವ ಹೆಚ್ಚು.

ದೋಷ ಎಲ್ಲಿದೆಯೆಂದು ಪತ್ತೆಹಚ್ಚಲು ಒಂದು ಸುಲಭ ಪರೀಕ್ಷೆಯಿದೆ. ತೂಕದ ಯಂತ್ರದ ಕೇಬಲನ್ನು ಕಳಚಿ, ಅಡಾಪ್ಟರಿನ ಒಂಬತ್ತು ಕಡ್ಡಿಗಳಲ್ಲಿ 2 ಮತ್ತು 3ನೆಯದನ್ನು ಒಂದು ತುಂಡು ತಂತಿಯಿಂದ ಸೇರಿಸಬೇಕು. ಬಳಿಕ ಅತಿಥಿ ಯಂತ್ರದೊಳಗಿನ ಟರ್ಮಿನಲ್ ತಂತ್ರಾಂಶದಲ್ಲಿ ಯಾವುದಾದರೂ ಅಕ್ಷರ ಒತ್ತಿದರೆ, ಹೋದ ಅಕ್ಷರವೇ ಮರಳಿ ಪರದೆಯ ಮೇಲೆ ಮೂಡಬೇಕು. ಮೂಡಿದರೆ ಅತಿಥಿಯಿಂದ ಅಡಾಪ್ಟರಿನವರೆಗಿನ ದಾರಿ ಸರಿಯಾಗಿದೆ, ದೋಷವಿರುವುದು ಮುಂದಿನ ಕೇಬಲಿನಲ್ಲಿ, ವೇಗದ ಹೊಂದಾಣಿಕೆಯಲ್ಲಿ ಅಥವಾ ತೂಕದ ಯಂತ್ರದಲ್ಲಿ. ಮೂಡದಿದ್ದರೆ ತೂಕದ ಯಂತ್ರ ನಿರಪರಾಧಿ. ಯಂತ್ರವೇ ಕೆಟ್ಟಿದೆಯೆಂದು ಹೇಳುವವರಿಗೆ ಈ ಪರೀಕ್ಷೆಯನ್ನು ಸದಸ್ಯರ ಸಮಕ್ಷಮ ಮಾಡಿ ತೋರಿಸುವಂತೆ ಕೇಳಬಹುದು. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಅಂಕಿ ಬಂದದ್ದು ಎಲ್ಲಿಂದ

ಈಗ ಕಡತದ ವಿಷಯ. ಅನುಕರಣೆಯ ಸೊಗಸೇ ಅದರ ಅಪಾಯವೂ ಹೌದು: ಪೋರ್ಟಿನ ಹಿಂದೆ ಏನಿದೆಯೆಂಬುದು ಒಳಗಿನ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ತಂತ್ರಜ್ಞರಿಗೆ ಇದು ವರದಾನ. ತೂಕದ ಯಂತ್ರ ಎದುರಿಗಿಲ್ಲದಿದ್ದರೂ, ಮೊದಲೇ ದಾಖಲಿಸಿದ ಅಂಕಿಗಳನ್ನು ಕಡತದಿಂದ ಹರಿಸಿ ತಂತ್ರಾಂಶವನ್ನು ಪರೀಕ್ಷಿಸಬಹುದು. ಆದರೆ ಪರೀಕ್ಷೆಗೆಂದು ತೆರೆದ ಆ ಬಾಗಿಲು ತೆರೆದೇ ಉಳಿದರೆ, ಯಾರೋ ಬರೆದಿಟ್ಟ ಅಂಕಿಯೂ ತೂಕದ ಯಂತ್ರದಿಂದಲೇ ಬಂದ ಅಂಕಿಯಂತೆ ದಾಖಲಾಗುತ್ತದೆ. ಚೀಟಿ ಅದೇ ರೀತಿ ಮುದ್ರಣವಾಗುತ್ತದೆ. ದಿನಾಂಕ, ಸಮಯ, ಕ್ರಮಸಂಖ್ಯೆ ಎಲ್ಲವೂ ಸರಿಯಾಗಿಯೇ ಇರುತ್ತವೆ.

ಉದಾಹರಣೆಗಾಗಿ ಒಂದು ತ್ಯಾಜ್ಯ ಘಟಕವನ್ನು ಭಾವಿಸಿಕೊಳ್ಳಬಹುದು. ಸ್ವಸಹಾಯ ಸಂಘದ ಮಹಿಳೆಯರು ಬೇರ್ಪಡಿಸಿದ ಒಣ ಕಸ ಕಿಲೋಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮಾರಾಟದ ಹಣ ತೂಕದ ಚೀಟಿಯ ಆಧಾರದ ಮೇಲೆ ಹಂಚಿಕೆಯಾಗುತ್ತದೆ. ಚೀಟಿಯಲ್ಲಿ ಐದೈದು ಕಿಲೋ ಕಡಿಮೆ ಬಿದ್ದರೆ ನಷ್ಟ ಯಾರಿಗೆಂಬುದು ಸ್ಪಷ್ಟ, ಆದರೆ ವಹಿ ನೋಡಿದ ಲೆಕ್ಕಪರಿಶೋಧಕರಿಗೆ ಅದು ಕಾಣುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಇಂತಹ ಮೋಸಕ್ಕೆ ತೂಕದ ಯಂತ್ರವನ್ನೇ ಬಿಚ್ಚಬೇಕಿತ್ತು, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆಯಬೇಕಿತ್ತು. ಇಲ್ಲಿ ಮುದ್ರೆ ಹಾಗೆಯೇ ಇರುತ್ತದೆ. ಮುದ್ರೆಯ ರಕ್ಷಣೆ ತೂಕದ ಯಂತ್ರದ ಫಲಕದವರೆಗೆ ಮಾತ್ರ, ಅಲ್ಲಿಂದಾಚೆಗಿನ ತಂತಿಗೆ ಅದು ಅನ್ವಯಿಸುವುದಿಲ್ಲ.

ಇದನ್ನು ತಡೆಯಲು ತಾಂತ್ರಿಕ ಪರಿಣತಿ ಬೇಕಿಲ್ಲ. ತೂಕ ನಡೆಯುತ್ತಿರುವಾಗ ಸದಸ್ಯರು ಘಟಕಕ್ಕೆ ಭೇಟಿ ನೀಡಿ, ತೂಕದ ಯಂತ್ರದ ಫಲಕದ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ಹೋಲಿಸಬಹುದು. ಮುದ್ರೆ ಹಾಕಿದ 20 ಕಿಲೋ ತೂಕದ ಕಲ್ಲನ್ನು ಇರಿಸಿ ಪರದೆಯಲ್ಲಿ ಎಷ್ಟು ಬರುತ್ತದೆಂದು ನೋಡಬಹುದು. ಎಲ್ಲಕ್ಕಿಂತ ಸರಳವಾದದ್ದು ಕೇಬಲನ್ನು ಕಳಚುವುದು. ಕೇಬಲ್ ಕಳಚಿದ ಮೇಲೆ ಪರದೆಯಲ್ಲಿ ತೂಕ ಬರುವುದು ನಿಲ್ಲಬೇಕು. ಕಳಚಿದ ಮೇಲೂ ಹೊಸ ಅಂಕಿಗಳು ಬರುತ್ತಿದ್ದರೆ, ಅವು ತೂಕದ ಯಂತ್ರದಿಂದ ಬರುತ್ತಿಲ್ಲ. ಅಂತಹ ಸಂದರ್ಭದಲ್ಲಿ ಅಂದೇ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತಂದು, ಗಣಕಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಇರಿಸತಕ್ಕದ್ದು.

ವರ್ಚುವಲ್ ಮಷೀನಿನ ಹೊಂದಾಣಿಕೆಯ ಪುಟದಲ್ಲಿ ಪೋರ್ಟ್ ಯಾವುದಕ್ಕೆ ಜೋಡಣೆಯಾಗಿದೆ ಎಂಬುದು ಬರಹದಲ್ಲೇ ಇರುತ್ತದೆ. ಸರಬರಾಜುದಾರರು ಕೆಲಸ ಮುಗಿಸಿದ ದಿನ ಆ ಪುಟದ ಮುದ್ರಿತ ಪ್ರತಿಗೆ ಸಹಿ ಪಡೆದು ಕಡತದಲ್ಲಿ ಇಡುವುದು, ಹೊಂದಾಣಿಕೆ ಬದಲಿಸುವ ಗುಪ್ತಪದವನ್ನು ತೂಕ ಬರೆಯುವವರ ಕೈಗೆ ಕೊಡದಿರುವುದು ಅವಶ್ಯಕ. ಮುಂದೆ ಯಾವುದೇ ದುರಸ್ತಿಯಾದಾಗ ಹೊಸ ಪ್ರತಿಯನ್ನು ಹಳೆಯದರೊಡನೆ ತಾಳೆ ನೋಡಿದರೆ ಬದಲಾವಣೆ ತಿಳಿಯುತ್ತದೆ.

ಸಭೆಯ ಮುಂದೆ ಬರುವ ಪ್ರಸ್ತಾವ

ಪರವಾನಗಿಯ ವಿಷಯವನ್ನು ಲಿಖಿತವಾಗಿ ಕೇಳಬೇಕು. ವರ್ಚುವಲ್‌ಬಾಕ್ಸಿನ ಮೂಲ ಭಾಗ ಉಚಿತ, ಆದರೆ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಹೆಚ್ಚುವರಿ ಭಾಗವು ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಮಾತ್ರ ಉಚಿತ. ಅದನ್ನು ಕಚೇರಿಯಲ್ಲಿ ಸದ್ದಿಲ್ಲದೆ ಹಾಕಿ ಹೋದರೆ ಹೊಣೆ ಕಚೇರಿಯದಾಗುತ್ತದೆ. ಹಳೆಯ ಗಣಕಯಂತ್ರದೊಡನೆಯೇ ಬಂದ ವಿಂಡೋಸ್ ಪರವಾನಗಿಯು ಸಾಮಾನ್ಯವಾಗಿ ಆ ಯಂತ್ರಕ್ಕೇ ಸೀಮಿತ ಎಂಬುದೂ ಗಮನದಲ್ಲಿರಬೇಕು. ಬೆಂಬಲ ನಿಂತ ವಿಂಡೋಸನ್ನು ಅತಿಥಿಯಾಗಿ ನಡೆಸುವಾಗ ಅದಕ್ಕೆ ಅಂತರ್ಜಾಲ ಸಂಪರ್ಕ ಇರಕೂಡದು. ತೂಕ ಬರೆಯಲು ಅಂತರ್ಜಾಲ ಬೇಕಿಲ್ಲ, ವೈರಸ್ಸಿಗೆ ಮಾತ್ರ ಬೇಕು.

ಅತಿಥಿ ಯಂತ್ರವೆಲ್ಲ ಕೆಲವೇ ಕಡತಗಳಲ್ಲಿ ಅಡಗಿರುವುದರಿಂದ ಪ್ರತಿ ತೆಗೆಯುವುದು ಸುಲಭ. ಅತಿಥಿಯನ್ನು ಸ್ಥಗಿತಗೊಳಿಸಿ ಆ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತಿಂಗಳಿಗೊಮ್ಮೆ ನಕಲು ಮಾಡಿದರೆ, ಗಣಕಯಂತ್ರ ಸುಟ್ಟುಹೋದರೂ ಬೇರೊಂದರಲ್ಲಿ ಅಂದೇ ಕೆಲಸ ಮುಂದುವರಿಸಬಹುದು. ಹಳೆಯ ಯಂತ್ರದಲ್ಲಿ ಇಲ್ಲದಿದ್ದ ಅನುಕೂಲವಿದು. ಅಡಾಪ್ಟರನ್ನು ಒಂದೇ ಕಿಂಡಿಗೆ ಚುಚ್ಚಬೇಕು. ಕಿಂಡಿ ಬದಲಾದರೆ ಕೆಲವು ಅಡಾಪ್ಟರುಗಳ ಪೋರ್ಟ್ ಸಂಖ್ಯೆಯೂ ಬದಲಾಗಿ ಬೆಳಿಗ್ಗೆ ತೂಕ ನಿಂತುಹೋಗುತ್ತದೆ. ಕಿಂಡಿಯ ಪಕ್ಕ ಬಣ್ಣದ ಚೀಟಿ ಅಂಟಿಸಿದರೆ ಸಾಕು.

ತೂಕದ ಯಂತ್ರವೇ ಸವೆದಿದ್ದರೆ, ಅಥವಾ ತಂತ್ರಾಂಶವು ನಕಲು ತಡೆಯುವ ಹಳೆಯ ಬೀಗವನ್ನು ಹೊಂದಿದ್ದು ತಯಾರಕರು ಬದಲಿ ಕೊಡಲೊಪ್ಪದಿದ್ದರೆ, ಹೊಸದನ್ನು ಕೊಳ್ಳುವುದೇ ಸರಿ. ಆಗ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ಕ್ರಮ ವಹಿಸಬೇಕಾಗುತ್ತದೆ. ಹೊಸ ತಂತ್ರಾಂಶವು ಹಳೆಯ ದಾಖಲೆಗಳನ್ನು ಓದಬಲ್ಲದೇ ಎಂಬ ಪ್ರಶ್ನೆಗೆ ಉತ್ತರವನ್ನು ದರಪಟ್ಟಿಯಲ್ಲೇ ಪಡೆಯುವುದು ಒಳಿತು.

ವರ್ಚುವಲ್ ಮಷೀನಿನ ಮಾರ್ಗವನ್ನು ಆಯ್ದುಕೊಂಡರೆ, ಹಳೆಯ ಗಣಕಯಂತ್ರವನ್ನು ಕೂಡಲೇ ವಿಲೇವಾರಿ ಮಾಡಬಾರದು. ಕನಿಷ್ಠ ಒಂದು ತಿಂಗಳ ಕಾಲ ಅದನ್ನು ಘಟಕದಲ್ಲೇ ಉಳಿಸಿಕೊಂಡು, ವಾರಕ್ಕೊಮ್ಮೆಯಾದರೂ ಒಂದೇ ಮೂಟೆಯನ್ನು ಎರಡೂ ಯಂತ್ರಗಳಲ್ಲಿ ಸರದಿಯಂತೆ ತೂಗಿ, ಎರಡು ಚೀಟಿಗಳನ್ನೂ ವಹಿಯಲ್ಲಿ ಅಕ್ಕಪಕ್ಕ ಅಂಟಿಸತಕ್ಕದ್ದು. ಅಂಕಿಗಳು ಸರಿಹೊಂದಿದ ಬಳಿಕ, ದಾಖಲೆಗಳ ಪ್ರತಿ ತೆಗೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ಹಳೆಯ ಯಂತ್ರವನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬಹುದು.